ಉಪಮೀಟರ್‌ಗಳ ಲೆಕ್ಕ ಕೂಡುತ್ತಿಲ್ಲ, ಏಕೆ?

ಪ್ರಶ್ನೆ: ಹನ್ನೆರಡು ಮಹಡಿಯ ಕಚೇರಿ ಕಟ್ಟಡ. ಮಹಡಿಗೊಂದರಂತೆ ಇರುವ ವಿದ್ಯುತ್ ಉಪಮೀಟರ್‌ಗಳ ಒಟ್ಟು ಮೊತ್ತ ಮುಖ್ಯ ಮೀಟರಿಗಿಂತ ಶೇ. 30ರಷ್ಟು ಕಡಿಮೆ. ವಾರ್ಷಿಕ ಶಕ್ತಿ ಬಳಕೆಯ ವರದಿಗೆ ಯಾವುದನ್ನು ನಂಬಬೇಕು?

ಉತ್ತರ: ವರದಿಗೆ ಮುಖ್ಯ ಮೀಟರೇ ಆಧಾರ. ಆದರೂ ಇಷ್ಟು ಅಂತರವನ್ನು ಹಾಗೇ ಬಿಡಬೇಡಿ. ಮೊದಲು ಎರಡೂ ಕಡೆಯ ರೀಡಿಂಗ್ ಒಂದೇ ದಿನ, ಒಂದೇ ಗಂಟೆಯದ್ದೇ ನೋಡಿ. ಲಿಫ್ಟ್, ನೀರಿನ ಪಂಪು, ಚಿಲ್ಲರ್ (ಎಸಿಗೆ ನೀರು ತಣಿಸುವ ಯಂತ್ರ) ಯಾವ ಉಪಮೀಟರಿಗೂ ಸೇರಿರದಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ.

ಉಳಿದದ್ದಕ್ಕೆ ಸಾಮಾನ್ಯವಾಗಿ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್ (ತಂತಿಯ ದೊಡ್ಡ ಕರೆಂಟನ್ನು ಮೀಟರ್ ಅಳೆಯುವಷ್ಟು ಚಿಕ್ಕದಾಗಿಸುವ ಸಾಧನ), ಕಾರಣ. ಫಲಕದಲ್ಲಿ 400/5 ಸಿಟಿ (400 ಆಂಪಿಯರನ್ನು 5ಕ್ಕೆ ಇಳಿಸುವಂಥದ್ದು) ಇದ್ದು ಮೀಟರಿನಲ್ಲಿ 200/5 ಎಂದು ಹೊಂದಿಸಿದ್ದರೆ, 80ರಿಂದ ಗುಣಿಸಬೇಕಾದ್ದು 40ರಿಂದ ಗುಣಿಸಿ ಬಳಕೆ ಸರಿಯಾಗಿ ಅರ್ಧ ತೋರುತ್ತದೆ. ಫೇಸಿಗೊಂದರಂತೆ ಇರುವ ಮೂರರಲ್ಲಿ ಒಂದು ಸಿಟಿ ತಿರುಗುಮುರುಗಾಗಿದ್ದರೆ ಇನ್ನೂ ಮೋಸ: ಮೂರೂ ಫೇಸಿನಲ್ಲಿ ಲೋಡು ಸಮನಾಗಿದ್ದಾಗ ಎರಡು ಫೇಸ್ ಕೂಡಿ ಒಂದು ಕಳೆದು, ಮೂರನೇ ಒಂದು ಭಾಗವಷ್ಟೇ ದಾಖಲಾಗುತ್ತದೆ. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನ ಆಂಪಿಯರ್ ಇದನ್ನು ಹೇಳದು. ಮೀಟರ್ ಪರದೆಯಲ್ಲಿ ಫೇಸ್‌ವಾರು ಕಿಲೋವ್ಯಾಟ್ ತೆರೆದು ಋಣ ಚಿಹ್ನೆ ಇದೆಯೇ ನೋಡಿ. ತಂತಿ ಬದಲಿಸುವ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನದು: ಲೋಡಿರುವಾಗ ಸಿಟಿಯಿಂದ ಮೀಟರಿಗೆ ಹೋಗುವ ತಂತಿ (ಸೆಕೆಂಡರಿ) ಬಿಚ್ಚಿದರೆ ಪ್ರಾಣಾಪಾಯದ ವೋಲ್ಟೇಜ್ ಹುಟ್ಟುತ್ತದೆ.

ಜನರೇಟರ್ ಇದ್ದರೆ ಡೀಸೆಲ್ ಲೀಟರನ್ನೂ ಅದು ಕೊಟ್ಟ ಯೂನಿಟ್ಟನ್ನೂ ಎರಡೂ ವರದಿಯ ಮೊತ್ತಕ್ಕೆ ಸೇರಿಸಬೇಡಿ, ಒಂದೇ ಶಕ್ತಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಚದರ ಮೀಟರಿಗೆ ಬಳಕೆ ಹೇಳುವಾಗ ಪಾರ್ಕಿಂಗ್ ಸೇರಿದೆಯೋ ಇಲ್ಲವೋ ಬರೆಯಿರಿ.