ಏಳು ಜನ ಸ್ನೇಹಿತರು ಸೇರಿ ಮಾಗಡಿ ಕಡೆ 9 ಎಕರೆ ನೋಡಿದ್ದೇವೆ. ಪ್ರಕೃತಿಯನ್ನು ನೋಡಿ ಹೊಲ, ಮನೆ, ನೀರನ್ನು ಒಟ್ಟಾಗಿ ಯೋಜಿಸುವ ಪರ್ಮಾಕಲ್ಚರ್ ಡಿಸೈನ್ ಕಲಿತು ಅಲ್ಲಿ ಸುಸ್ಥಿರ ಸಮುದಾಯ ಕಟ್ಟುವ ಆಸೆ. ಯಾವ ಕೋರ್ಸ್ ಒಳ್ಳೆಯದು, ಆನ್‌ಲೈನ್ ಸಾಕಾ?

ನಾವು ಎಂಟು ಜನ ಇದ್ದೆವು, ಜಾಗ ಶಿರಾ ತಾಲ್ಲೂಕಿನಲ್ಲಿ, 11 ಎಕರೆ. ಅದೊಂದು ಬಿಟ್ಟರೆ ನಿಮ್ಮ ಪ್ರಶ್ನೆಗೂ ನಮ್ಮ ಕಥೆಗೂ ವ್ಯತ್ಯಾಸವೇ ಇಲ್ಲ. ಬೆಂಗಳೂರಿನ ಕೆಲಸ, ಶನಿವಾರ ಭಾನುವಾರದ ಓಡಾಟ, ಗೋಡೆಗೆ ಅಂಟಿಸಿದ ದೊಡ್ಡ ನಕ್ಷೆ, ನಕ್ಷೆಯ ನಡುವೆ ಎಲ್ಲರಿಗೂ ಒಂದೇ ಅಡುಗೆಮನೆ, ಸುತ್ತ ಎಂಟು ಮಣ್ಣಿನ ಮನೆ. ನಿಮ್ಮ ಪ್ರಶ್ನೆ ಓದಿದ ಮೇಲೆ ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಪಿಡಿಸಿ, ಅಂದರೆ ಪರ್ಮಾಕಲ್ಚರ್ ಡಿಸೈನ್ ಕೋರ್ಸ್, ಮಾಡಿದ್ದು 2016ರ ಡಿಸೆಂಬರ್‌ನಲ್ಲಿ. 72 ಗಂಟೆಯ ಪಾಠ, ಎರಡು ವಾರ ಅಲ್ಲೇ ಇದ್ದು ಕಲಿತೆ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಲ್ಮ್‌ಗ್ರೆನ್ 1970ರ ದಶಕದಲ್ಲಿ ಟಾಸ್ಮೇನಿಯಾದಲ್ಲಿ ರೂಪಿಸಿದ ವಿಚಾರ ಇದು ಅನ್ನುವುದರಿಂದ ಶುರುವಾಗಿ, ಮನೆಯಿಂದ ಕಾಡಿನವರೆಗೆ ಜಾಗವನ್ನು ವಲಯಗಳಾಗಿ ಹಂಚುವುದು, ಗಾಳಿ ಬಿಸಿಲು ನೀರು ಎಲ್ಲಿಂದ ಬರುತ್ತವೆ ಎಂದು ನೋಡುವುದು, ಎಲ್ಲವನ್ನೂ ಚೆನ್ನಾಗಿ ಹೇಳಿಕೊಟ್ಟರು. ಮೊದಲ ದಿನವೇ ಮೂರು ನೀತಿ ಬರೆಸಿದ್ದರು: ಭೂಮಿಯನ್ನು ಕಾಯುವುದು, ಜನರನ್ನು ಕಾಯುವುದು, ಮಿಕ್ಕಿದ್ದನ್ನು ಹಂಚುವುದು. ಮೂರನೆಯದರ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಕೋರ್ಸ್ ಬಗ್ಗೆ ನನಗೆ ಇವತ್ತಿಗೂ ದೂರಿಲ್ಲ.

ಜಮೀನು ಕೊಂಡಿದ್ದು 2017ರ ಫೆಬ್ರುವರಿಯಲ್ಲಿ. ಆಗಿನ್ನೂ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ತಡೆ ಹಾಕುವ, ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳಿದ್ದವು (2020ರ ತಿದ್ದುಪಡಿಯಲ್ಲಿ ಹೋದವು), ಹಾಗಾಗಿ ರೈತ ಕುಟುಂಬದ ಒಬ್ಬನ ಹೆಸರಿಗೆ ಮಾತ್ರ ಪಹಣಿ ಆಯಿತು. ಅದು ಮುಂದೆ ಬೇರೆ ಜಗಳಕ್ಕೆ ದಾರಿಯಾಯಿತು. ಅದನ್ನು ಬಿಡಿ, ನಾನು ಹೇಳಬೇಕಾಗಿರುವುದು ಸ್ವೇಲ್‌ನ ವಿಷಯ.

ಸ್ವೇಲ್ ಅಂದರೆ ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟದ ಗೆರೆ ಹಿಡಿದು ತೋಡುವ ಕಾಲುವೆ. ನೀರು ಅದರಲ್ಲಿ ಹರಿಯುವುದಿಲ್ಲ, ನಿಲ್ಲುತ್ತದೆ. ತೋಡಿದ ಮಣ್ಣನ್ನು ಕೆಳಬದಿಗೆ ದಿಬ್ಬವಾಗಿ ಹಾಕಿ ಅದರ ಮೇಲೆ ಗಿಡ ನೆಡುತ್ತಾರೆ. ಮಳೆನೀರು ಕಾಲುವೆಯಲ್ಲಿ ನಿಂತು ನಿಧಾನಕ್ಕೆ ಇಂಗಿ ಬೇರಿಗೆ ತೇವ ಕೊಡುತ್ತದೆ. ಶಿರಾ ಕಡೆ ವರ್ಷಕ್ಕೆ 600 ಮಿಲಿಮೀಟರ್ ದಾಟಿದರೆ ಒಳ್ಳೆಯ ವರ್ಷ. ಅಂಥ ಕಡೆ ಇದು ಬೇಕೇ ಬೇಕು ಎಂದು ನಾವು ತೀರ್ಮಾನಿಸಿದೆವು. ‘ನಮ್ಮ ಬೇಲಿಯಿಂದ ಒಂದು ಹನಿಯೂ ಆಚೆ ಹೋಗಬಾರದು’ ಎಂದು ನಕ್ಷೆಯ ತಲೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದೆವು. ಬರೆದವನು ನಾನೇ.

ಮೇ ತಿಂಗಳಲ್ಲಿ ಜೆಸಿಬಿ ತರಿಸಿದೆವು. ಗಾರೆ ಕೆಲಸದವರು ಬಳಸುವ ನೀರಿನ ಪೈಪು ಹಿಡಿದು ಮಟ್ಟ ಗುರುತು ಮಾಡಿದ್ದು ನಾನು. 600 ಅಡಿ ಉದ್ದ, ಮೂರೂವರೆ ಅಡಿ ಅಗಲ, ಎರಡು ಅಡಿ ಆಳ. ಕೆಳಗಿನ ಹೊಲದ ತಾತ ಎರಡು ದಿನವೂ ಬೇವಿನ ಮರದ ಕೆಳಗೆ ಕೂತು ನೋಡಿದರು. ಎರಡನೇ ದಿನ ಸಂಜೆ ಎದ್ದು ಬಂದು ದಿಬ್ಬದ ಈ ತುದಿಯಿಂದ ಆ ತುದಿಗೆ ನಡೆದು, ‘ಇದ್ಕೆ ಕೋಡಿ ಎಲ್ಲಿ ಮಡಗಿದೀರ ಸ್ವಾಮಿ?’ ಎಂದು ಕೇಳಿದರು. ‘ಇದು ಕೆರೆ ಅಲ್ಲ ತಾತ, ಇದ್ರಲ್ಲಿ ನೀರು ಇಂಗೋಗುತ್ತೆ’ ಅಂದೆ. ‘ಎಲ್ಲಾ ಮಳೇನೂ ಇಂಗ್ತದಾ?’ ಅಂದರು. ನಾನು ಉತ್ತರ ಕೊಡಲಿಲ್ಲ. ಜೆಸಿಬಿಯವನಿಗೆ ಗಂಟೆ ಲೆಕ್ಕದ ದುಡ್ಡು ಕೊಡುವುದಿತ್ತು, ಆ ಕಡೆ ಹೋದೆ.

ಕೋಡಿಯ ಮಾತು ಕೋರ್ಸ್‌ನಲ್ಲಿ ಇತ್ತು. ಹೆಚ್ಚಾದ ನೀರು ಹೊರಗೆ ಹೋಗಲು ಗಟ್ಟಿಯಾದ, ಸಮನಾದ ಒಂದು ಬಾಯಿ ಬಿಡಬೇಕು ಎಂದು ಹೇಳಿದ್ದರು. ನಾವದನ್ನು ‘ಮುಂದಿನ ವರ್ಷದ ಕೆಲಸ’ ಎಂದು ಪಟ್ಟಿಯ ಕೊನೆಗೆ ಹಾಕಿದ್ದೆವು. ನೀರು ಹಿಡಿಯಲು ಅಷ್ಟು ಖರ್ಚು ಮಾಡಿ, ಅದೇ ನೀರು ಹೊರಗೆ ಹೋಗಲು ಬಾಯಿ ಬಿಡುವುದಕ್ಕೆ ಯಾರಿಗೂ ಮನಸ್ಸಿರಲಿಲ್ಲ.

ಲೆಕ್ಕ ನೋಡಿ, ಇದನ್ನು ನಾನು ಆಮೇಲೆ ನೂರು ಸಲ ಮಾಡಿದ್ದೇನೆ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ಕಾಲುವೆಯ ಮೇಲ್ಗಡೆ, ನಮ್ಮದೂ ಗೋಮಾಳದ್ದೂ ಸೇರಿ 5 ಎಕರೆ ಇಳಿಜಾರು. ಅದರ ಮೇಲೆ 80 ಮಿಲಿಮೀಟರ್ ಸುರಿದರೆ 16 ಲಕ್ಷ ಲೀಟರ್. ನಮ್ಮದು ಕೆಂಪುಮಣ್ಣು, ಜೋರು ಮಳೆಗೆ ಮೇಲ್ಪದರ ಕಟ್ಟಿಕೊಂಡು ನೀರು ಒಳಗೆ ಇಳಿಯುವುದಿಲ್ಲ. ನೂರಕ್ಕೆ ನಲವತ್ತರಷ್ಟು ಹರಿದು ಬಂದರೂ ಆರೂವರೆ ಲಕ್ಷ ಲೀಟರ್. ನಮ್ಮ ಕಾಲುವೆ ಹಿಡಿಯುವುದು ಅಂಚಿನವರೆಗೆ ತುಂಬಿದರೆ 1 ಲಕ್ಷ 19 ಸಾವಿರ. ಮಿಕ್ಕ ಐದು ಲಕ್ಷ ಲೀಟರ್ ಎಲ್ಲಿ ಹೋಗಬೇಕು? ಇದು ಐದನೇ ಕ್ಲಾಸಿನ ಗುಣಾಕಾರ. ನಾವು ಎಂಟು ಜನರಲ್ಲಿ ಐವರು ಎಂಜಿನಿಯರ್‌ಗಳು, ಒಬ್ಬರೂ ಮಾಡಲಿಲ್ಲ. ವರ್ಷದ ಸರಾಸರಿ ಮಳೆಯನ್ನು ನೋಡಿದ್ದೆವು, ಒಂದು ರಾತ್ರಿಯ ಮಳೆಯನ್ನು ಯೋಚಿಸಿರಲಿಲ್ಲ. ಬಯಲುಸೀಮೆಯಲ್ಲಿ ಮಳೆ ಬರುವುದೇ ಹಾಗೆ, ತಿಂಗಳುಗಟ್ಟಲೆ ಇಲ್ಲ, ಬಂದರೆ ಒಂದೇ ರಾತ್ರಿಯಲ್ಲಿ. ಇನ್ನೊಂದು ವಿಷಯ, ಹೊಸದಾಗಿ ಹಾಕಿದ ಮಣ್ಣು ಕೂರುತ್ತದೆ, ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ. ಮೇನಲ್ಲಿ ಮಟ್ಟವಾಗಿದ್ದ ದಿಬ್ಬ ಸೆಪ್ಟೆಂಬರ್ ಹೊತ್ತಿಗೆ ಒಂದು ಕಡೆ ಒಂದು ಗೇಣು ತಗ್ಗಾಗಿತ್ತು. ನೀವು ಕೋಡಿ ಇಡದಿದ್ದರೆ ನೀರು ತಾನೇ ಒಂದು ಕೋಡಿ ಹುಡುಕಿಕೊಳ್ಳುತ್ತದೆ, ದಿಬ್ಬ ಎಲ್ಲಿ ದುರ್ಬಲವೋ ಅಲ್ಲಿ.

ಹಸ್ತಾ ಮಳೆಯ ಒಂದು ರಾತ್ರಿ ಅದು ಒಡೆಯಿತು. ನಾನೊಬ್ಬನೇ ಶೆಡ್‌ನಲ್ಲಿ ಮಲಗಿದ್ದೆ. ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು ಬಂತು, ಟಾರ್ಚ್ ಹಿಡಿದು ಹೋದರೆ ದಿಬ್ಬದ ಹತ್ತು ಅಡಿ ಇರಲೇ ಇಲ್ಲ. ಬೆಳಿಗ್ಗೆ ಹೊರಗಿಟ್ಟಿದ್ದ ಬಣ್ಣದ ಡಬ್ಬದಲ್ಲಿ ಅಳೆದರೆ 83 ಮಿಲಿಮೀಟರ್ ನೀರು. ತಾತನ ಹೊಲದಲ್ಲಿ ಅರ್ಧ ಎಕರೆ ರಾಗಿ, ತೆನೆಯಲ್ಲಿ ಹಾಲು ಕಟ್ಟುವ ಹೊತ್ತು, ನೀರಿಗೆ ಮಲಗಿ ಗೊರಚಲು ಮಣ್ಣಿನ ಕೆಳಗೆ ಹೋಗಿತ್ತು. ಅಂಚಿನಲ್ಲಿ ಕೆಲವು ತೆನೆ ಮಾತ್ರ ಮಣ್ಣಿನ ಮೇಲೆ ಕಾಣುತ್ತಿದ್ದವು. ತಾತ ಕಂಬಳಿ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ಕೂತಿದ್ದರು. ಒಂದು ತೆನೆ ಕಿತ್ತು, ಉಗುರಿನಿಂದ ಕಾಳು ಒತ್ತಿದರು. ಬೆರಳ ತುದಿಯಲ್ಲಿ ಬಿಳಿ ಹಾಲು ಬಂತು. ಅದನ್ನು ಪಂಚೆಗೆ ಒರೆಸಿಕೊಂಡು ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಅರಳಿಕಟ್ಟೆಯಲ್ಲಿ ಹಿರಿಯರು ಸೇರಿದರು. ಐದು ಕ್ವಿಂಟಲ್ ರಾಗಿ, ಹುಲ್ಲು, ಮಣ್ಣು ತೆಗೆಸುವ ಕೂಲಿ ನಾವು ಕೊಡಬೇಕು ಎಂದಾಯಿತು. ಆ ವರ್ಷ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 1,900 ರೂಪಾಯಿ, ಹಾಗಾಗಿ ಮೊತ್ತ ದೊಡ್ಡದೇನಲ್ಲ. ಆದರೆ ನಮ್ಮ ಗುಂಪಿನಲ್ಲಿ ಇಬ್ಬರು ‘ಮಳೆಗೆ ನಾವು ಹೊಣೆಯಾ’ ಎಂದರು. ಗುಂಪು ಒಡೆದದ್ದು ಅಲ್ಲಿಂದ. ಅದೇ ನವೆಂಬರ್‌ನಲ್ಲಿ ಹೈದರಾಬಾದ್‌ನಲ್ಲಿ ಪರ್ಮಾಕಲ್ಚರ್‌ನ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ನಮ್ಮವರು ಮೂವರು ಹೋದರು. ನಾನು ಆ ವಾರ ತಾತನ ಹೊಲದಲ್ಲಿ ಕೂಲಿಯವರ ಜೊತೆ ಮಂಕರಿಯಲ್ಲಿ ಮಣ್ಣು ಹೊತ್ತೆ. ವರ್ಷ ಕಳೆಯುವುದರಲ್ಲಿ ಎಂಟರಲ್ಲಿ ಇಬ್ಬರು ಉಳಿದೆವು.

ಮುಂದಿನ ಮಳೆಗಾಲದಲ್ಲಿ ತಾತ ನನ್ನನ್ನು ಮಳೆ ಬರುವಾಗಲೇ ಕರೆದುಕೊಂಡು ಹೋಗಿ ತೋರಿಸಿದರು. ಗೋಮಾಳದ ನೀರು ನಮ್ಮ ಹೊಲದ ಮೂಲೆಯಲ್ಲಿ ಇಳಿದು, ಒಂದು ಸಣ್ಣ ಹಳ್ಳ ಹಿಡಿದು ಅವರ ಕಟ್ಟೆಗೆ ಬೀಳುತ್ತದೆ. ಕಟ್ಟೆ ತುಂಬಿದರೆ ಊರ ಕೆರೆಗೆ. ಕೆರೆ ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆಗೆ. ನಾವು ನಕ್ಷೆಯಲ್ಲಿ ‘ಹಾಳಾಗಿ ಹೋಗುವ ನೀರು’ ಎಂದು ಬಾಣದ ಗುರುತು ಹಾಕಿದ್ದು ಇದನ್ನೇ. ಒಡೆಯದೇ ಇದ್ದಿದ್ದರೂ ಆ ಕಾಲುವೆ ತಪ್ಪೇ ಆಗಿತ್ತು. ತಾತನ ದನ ಕುಡಿಯುವ ಕಟ್ಟೆಗೆ ಬರುವ ನೀರನ್ನು ನಾವು ತಡೆದಿದ್ದೆವು. ನೋಟ್‌ಬುಕ್‌ನಲ್ಲಿ ‘ಮಿಕ್ಕಿದ್ದನ್ನು ಹಂಚುವುದು’ ಎಂಬುದರ ಕೆಳಗೆ ಎರಡು ಗೆರೆ ಎಳೆದುಕೊಂಡೇ.

ಈಗ ಆ ಕಾಲುವೆಗೆ ಹನ್ನೆರಡು ಅಡಿ ಅಗಲದ ಕೋಡಿ ಇದೆ, ಚಪ್ಪಡಿ ಹಾಸಿದ್ದೇವೆ, ದಿಬ್ಬದ ತಲೆಗಿಂತ ಒಂದು ಅಡಿ ತಗ್ಗು. ನೀರು ಹುಲ್ಲಿನ ಮೇಲೆ ಹರಡಿಕೊಂಡು ಹಳೆಯ ಹಳ್ಳಕ್ಕೇ ಸೇರುತ್ತದೆ. ಜಾಗ ಗುರುತಿಸಿದ್ದು ತಾತ. ಕೋರ್ಸ್‌ನಲ್ಲಿ ‘ಗಿಲ್ಡ್’, ಅಂದರೆ ಒಂದಕ್ಕೊಂದು ನೆರವಾಗುವ ಗಿಡಗಳ ಗುಂಪು, ಎಂದು ಕಲಿತದ್ದನ್ನೂ ಅವರ ಹೊಲದಲ್ಲೇ ಸರಿಯಾಗಿ ನೋಡಿದೆ. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಸಡ್ಡೆ (ಬೀಜ ಬಿಡುವ ಕೊಳವೆ) ಕಟ್ಟಿ, ನಡುನಡುವೆ ಬರುವ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಬಿಡುತ್ತಾರೆ. ಮಳೆ ಕೈಕೊಟ್ಟು ರಾಗಿ ಹೋದರೂ ತೊಗರಿ ನಿಲ್ಲುತ್ತದೆ.

ಹಾಗಂತ ಹಳ್ಳಿಯಲ್ಲಿ ಎಲ್ಲ ಸರಿ ಇದೆ ಎಂದು ಹೇಳುವವನಲ್ಲ ನಾನು. 900 ಅಡಿ ಕೊರೆದು ಒಣಗಿ ನಿಂತ ಬೋರ್‌ವೆಲ್‌ಗಳು ನಮ್ಮೂರಲ್ಲಿ ಎಷ್ಟೋ ಇವೆ. ಕೆರೆಯ ತೂಬು ಎತ್ತಿದ ನೀರಗಂಟಿ ಮನೆತನದವರಿಗೆ ಅದೇ ಕೆರೆಯ ಕೆಳಗೆ ಒಂದು ಗುಂಟೆ ಗದ್ದೆ ಇಲ್ಲ. ನಿಜವಾಗಿ ಡಿಸೈನ್ ಬೇಕಾಗಿರುವುದು ಇಂಥಾ ಕಡೆ. ಅದನ್ನು ಬಿಟ್ಟು ಬೇಲಿ ಹಾಕಿಕೊಂಡು ಒಳಗೆ ಏಳು ಮನೆಯ ‘ಸುಸ್ಥಿರ ಸಮುದಾಯ’ ಕಟ್ಟುತ್ತೇವೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೀವು ಕೊಳ್ಳುವ ಜಾಗದಲ್ಲಿ ಸಮುದಾಯ ಆಗಲೇ ಇದೆ. ಅದರಲ್ಲಿ ನಿಮಗೆ ಜಾಗ ಸಿಗುತ್ತದೆಯೇ ಎಂದು ನೋಡಿ. ಏಳು ಜನರೂ ಹೋಗಬೇಕಾಗಿಲ್ಲ, ಅಲ್ಲೇ ಇರಲು ನಿಜವಾಗಿ ತಯಾರಿರುವ ಇಬ್ಬರು ಹೋಗಿ.

ಕೋರ್ಸ್ ವಿಷಯ. ಪಿಡಿಸಿ ಮಾಡಿ, ಆದರೆ ಎರಡನೇ ವರ್ಷ ಮಾಡಿ. ಈ ವರ್ಷ ಜಮೀನು ಕೊಳ್ಳಬೇಡಿ. ಅದೇ ಊರಿನಲ್ಲಿ ಒಂದು ಎಕರೆ ವಾರಕ್ಕೆ (ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ) ಮಾಡಿ, ಮುಂಗಾರಿನಿಂದ ಹಿಂಗಾರಿನವರೆಗೆ ಅಲ್ಲಿರಿ, ಜೋರು ಮಳೆ ಬಂದಾಗ ಒಳಗೆ ಕೂರದೆ ಕೊಪ್ಪೆ ಹಾಕಿಕೊಂಡು ನೀರಿನ ಹಿಂದೆ ನಡೆಯಿರಿ. ಮಾಗಡಿಯಲ್ಲಿ ಮಳೆ ನಮ್ಮಲ್ಲಿಗಿಂತ ಹೆಚ್ಚು, ಮೇಲೆ ಬಂಡೆ ಇದ್ದರೆ ನೀರು ಇನ್ನೂ ರಭಸವಾಗಿ ಬರುತ್ತದೆ. ಆಮೇಲೆ ಕಲಿಯಲು ಹೋದರೆ ಕೇಳಲು ನಿಮ್ಮ ಹತ್ತಿರ ಪ್ರಶ್ನೆ ಇರುತ್ತವೆ. ಆನ್‌ಲೈನ್ ಬೇಡ, ಮಟ್ಟ ಹಿಡಿಯುವುದನ್ನು ಪರದೆಯ ಮೇಲೆ ಕಲಿಯಲಾಗುವುದಿಲ್ಲ. ಮಲೆನಾಡಿನಲ್ಲಿ ನಡೆಯುವುದಕ್ಕಿಂತ ತೆಲಂಗಾಣದ ಕಡೆಯಂಥ ಒಣಭೂಮಿಯಲ್ಲಿ ನಡೆಯುವುದನ್ನು ಹುಡುಕಿ. ಮಾಲಿಸನ್ 1987ರಲ್ಲಿ ಭಾರತಕ್ಕೆ ಬಂದಾಗ ಪಾಠ ಮಾಡಿದ್ದೂ ಆ ಭಾಗದಲ್ಲೇ, ಅಲ್ಲಿ ಕಲಿಸುವವರಿಗೆ ನಮ್ಮಂಥ ಮಳೆ ಗೊತ್ತು.

ನಿಮ್ಮ ಪ್ರಶ್ನೆಯಲ್ಲಿ ಏಳು ಜನ ಎಂದಿದೆ, ಮಾಗಡಿ ಕಡೆ ಎಂದಿದೆ, 9 ಎಕರೆ ಎಂದಿದೆ. ಅದರ ಕೆಳಗಿನ ಹೊಲ ಯಾರದು ಎಂದಿಲ್ಲ. ಈ ಭಾನುವಾರ ಹೋದಾಗ ಅವರನ್ನು ಕಂಡು ಮಾತಾಡಿ, ನಿಮ್ಮ ಜಾಗದ ನೀರು ಮಳೆಗಾಲದಲ್ಲಿ ಅವರ ಕಡೆ ಎಲ್ಲಿ ಇಳಿಯುತ್ತದೆ ಎಂದು ಕೇಳಿ. ಅವರು ಏನು ಹೇಳಿದರು ಎಂದು ಇಲ್ಲಿ ಬರೆಯಿರಿ, ಯಾವ ಕೋರ್ಸ್ ಎಂದು ಆಮೇಲೆ ಮಾತಾಡೋಣ.