ಮಕ್ಕಳ ಹಲ್ಲಿಗೆ ಫಿಲ್ಲಿಂಗ್ ಮಾಡಿಸಿದ್ರೆ ಜೊಲ್ಲಲ್ಲಿರೋ ಬ್ಯಾಕ್ಟೀರಿಯಾ ಕಮ್ಮಿ ಆಗುತ್ತಾ?

ಆಗುತ್ತೆ, ಆದ್ರೆ ಅದೊಂದನ್ನೇ ನಂಬ್ಕೊಂಡು ಕೂತ್ರೆ ಜಾಸ್ತಿ ದಿನ ಉಳಿಯಲ್ಲ.

ಹುಳುಕು ಹಲ್ಲಿನ ತೂತು ಅಂದ್ರೆ ಬ್ಯಾಕ್ಟೀರಿಯಾಗೆ ಒಳ್ಳೆ ಗೂಡು ಇದ್ದಂಗೆ, ಬ್ರಷ್ ಒಳಗೆ ಹೋಗಲ್ಲ, ಜೊಲ್ಲೂ ಸರಿಯಾಗಿ ತೊಳೆಯಲ್ಲ, ಅಲ್ಲೇ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಥರದವು ಸಕ್ಕರೆ ತಿಂದು ಆ್ಯಸಿಡ್ ಬಿಡ್ತಾ ಇರ್ತವೆ. ಡಾಕ್ಟ್ರು ಅದನ್ನ ಕ್ಲೀನ್ ಮಾಡಿ ಮುಚ್ಚಿದ್ಮೇಲೆ ಜೊಲ್ಲಲ್ಲಿ ಅವುಗಳ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತೆ. ಆದ್ರೆ ಬಾಯಲ್ಲಿ ಬೇರೆ ಹಲ್ಲೂ ನಾಲಿಗೆನೂ ಇದೆಯಲ್ಲ, ಅಲ್ಲಿ ಉಳಿದಿರೋವು ಮಗು ಪದೇಪದೇ ಸಿಹಿ ತಿಂತಿದ್ರೆ ಕೆಲವು ವಾರ, ತಿಂಗಳಲ್ಲೇ ಮತ್ತೆ ಬೆಳ್ಕೊಳ್ತವೆ.

ಯಾವ ಮೆಟೀರಿಯಲ್ ಅನ್ನೋದೂ ಸ್ವಲ್ಪ ಮುಖ್ಯ. ಗ್ಲಾಸ್ ಅಯಾನೊಮರ್ ಅನ್ನೋ ಫಿಲ್ಲಿಂಗ್ ಸಿಮೆಂಟ್ ಆದ್ರೆ ಫ್ಲೋರೈಡ್ (ಹಲ್ಲು ಹುಳುಕಾಗದಂಗೆ ಕಾಪಾಡೋ ಖನಿಜ) ಬಿಡುತ್ತೆ, ಮೊದಲ ಒಂದೆರಡು ದಿನ ಜಾಸ್ತಿ, ಆಮೇಲೆ ತುಂಬಾ ಕಮ್ಮಿ, ಮತ್ತೆ ಪೇಸ್ಟಲ್ಲಿರೋ ಫ್ಲೋರೈಡನ್ನ ಒಂದಿಷ್ಟು ಹೀರ್ಕೊಂಡು ನಿಧಾನಕ್ಕೆ ಬಿಡುತ್ತೆ (ಇದು ನಂಗೆ ಬಹಳ ಇಷ್ಟವಾದ ವಿಷ್ಯ). ಹಲ್ಲಿನ ಬಣ್ಣದ ಕಾಂಪೋಸಿಟ್ ನೋಡೋಕೆ ಚೆಂದ, ಆದ್ರೆ ಗಟ್ಟಿಯಾಗೋವಾಗ ಸ್ವಲ್ಪ ಕುಗ್ಗುತ್ತೆ, ಅಂಚಲ್ಲಿ ಸಂದು ಬಿಟ್ರೆ ಇಲ್ಲ ಪಾಲಿಶ್ ಸರಿಯಾಗದೆ ಒರಟಾಗಿದ್ರೆ ಪ್ಲಾಕ್, ಅಂದ್ರೆ ಬ್ಯಾಕ್ಟೀರಿಯಾದ ಅಂಟು ಪದರ, ಅಲ್ಲೇ ಕೂರುತ್ತೆ.

ಜೊಲ್ಲಿನ ಬಗ್ಗೆ ಭಯ ಬೇಡ. ಫಿಲ್ಲಿಂಗ್ ಮಾಡಿಸಿದ ಹೊಸದರಲ್ಲಿ ಬಾಯಲ್ಲಿ ಏನೋ ಇದೆ ಅನ್ಸಿ ಜೊಲ್ಲು ಜಾಸ್ತಿ ಬರಬಹುದು, ಅಷ್ಟೇ. ಊಟ ಆದ್ಮೇಲೆ ಆ್ಯಸಿಡ್ ತಗ್ಗಿಸೋದು ಅದೇ ಜೊಲ್ಲು, ಬಾಯಿಯ ಪಿಎಚ್ (ಆ್ಯಸಿಡ್ ಅಳತೆ, ಇದು ಕಮ್ಮಿ ಆದಷ್ಟೂ ಆ್ಯಸಿಡ್ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಹೋದ್ರೆ ಹಲ್ಲಿನ ಹೊರಪದರ ಎನಾಮಲ್ ಕರಗೋಕೆ ಶುರು, ಜೊಲ್ಲಿಗೆ ಅದನ್ನ ಮೇಲೆತ್ತೋಕೆ ಟೈಮ್ ಬೇಕು, ಹಾಗಾಗಿ ಎಷ್ಟು ಸಿಹಿ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನೋದನ್ನ ಮೊದ್ಲು ನೋಡಿ. ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟಲ್ಲಿ ಬ್ರಷ್ ಮಾಡ್ಸಿ, 3 ವರ್ಷದೊಳಗಿನವ್ರಿಗೆ ಅಕ್ಕಿಕಾಳಷ್ಟು, 3ರಿಂದ 6ಕ್ಕೆ ಬಟಾಣಿ ಗಾತ್ರ ಸಾಕು.