ಪಡಸಾಲೆಯ ಹಳೇ ಹಾಲ್ ಸ್ಟ್ಯಾಂಡ್: ಬೀಟೆಯೋ, ಸಾಗವಾನಿಯೋ?

ಪ್ರಶ್ನೆ: ಹಾವೇರಿಯಲ್ಲಿ ಕೆಡವುತ್ತಿದ್ದ ಹಳೆ ಮನೆಯಿಂದ ಕಟ್ಟಿಗೆಯ ಸಾಮಾನೊಂದನ್ನು 9,000 ರೂಪಾಯಿಗೆ ಕೊಂಡು ತಂದಿದ್ದೇನೆ. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ. ಕೆಳಗೆ ಮುಚ್ಚಳದ ಪೆಟ್ಟಿಗೆ, ಅದರ ಮೇಲೆ ಕೂಡ್ರಬಹುದು. ನಡುವೆ ಕನ್ನಡಿ, ಎರಡೂ ಕಡೆ ಸೇರಿ ಆರು ಕೊಕ್ಕೆ, ಒಂದು ಮಗ್ಗುಲಿಗೆ ತಗಡಿನ ತಟ್ಟೆ. ‘ಬ್ರಿಟಿಷರ ಕಾಲದ ಬೀಟೆ, ರೇಲ್ವೆ ಸಾಹೇಬರ ಬಂಗಲೆಯದು’ ಎಂದು ಮಾರಿದವರು ಹೇಳಿದರು. ಹುಬ್ಬಳ್ಳಿಯ ಮೋಡಕಾ (ಗುಜರಿ) ವ್ಯಾಪಾರಿಯೊಬ್ಬರು 7,000ಕ್ಕೆ ಕೇಳುತ್ತಿದ್ದಾರೆ. ಪಾಲಿಶ್ ಮಾಡುವವರು, ಪೂರ್ತಿ ಕೆರೆದು ಹೊಸದು ಮಾಡಿದರೆ 50,000 ಬರುತ್ತದೆ ಅನ್ನುತ್ತಾರೆ. ಯಾರ ಮಾತು ನಂಬಲಿ? ಚಿತ್ರಗಳನ್ನು ಕಳಿಸಿದ್ದೇನೆ.
– ಓದುಗರು, ಗದಗ

ಉತ್ತರ: ಮೊದಲು ಪಾಲಿಶ್‌ನವರಿಗೆ ಬೇಡ ಎಂದು ಹೇಳಿಬಿಡಿ. ಉಳಿದದ್ದನ್ನು ನಿಧಾನ ನೋಡೋಣ.

ಇದು ಹಾಲ್ ಸ್ಟ್ಯಾಂಡ್. ಹೊರಗಿನಿಂದ ಬಂದವರು ಟೊಪ್ಪಿಗೆ, ಕೋಟು ತೂಗುಹಾಕಿ ಒಳಗೆ ಹೋಗಲಿ ಎಂದು ಬಾಗಿಲ ಮಗ್ಗುಲಲ್ಲಿ ಇಡುತ್ತಿದ್ದದ್ದು. ತಗಡಿನ ತಟ್ಟೆ ಒದ್ದೆ ಛತ್ರಿಯ ನೀರು ಹಿಡಿಯಲು. ಈ ತಟ್ಟೆಗಳು ತುಕ್ಕು ತಿಂದು ಹೋಗುವುದೇ ಹೆಚ್ಚು. ನಿಮ್ಮದರಲ್ಲಿ ಉಳಿದಿರುವುದನ್ನು ಕಂಡು ನಿಜಕ್ಕೂ ಸಂತೋಷವಾಯಿತು.

ಬೀಟೆಯಂತೂ ಅಲ್ಲ. ಹೊರಗೆ ಕಪ್ಪಾಗಿ ಕಾಣುವುದು ಪಾಲಿಶಿನ ಬಣ್ಣ. ಪೆಟ್ಟಿಗೆಯ ಒಳಮೈಗೆ ಯಾರೂ ಪಾಲಿಶ್ ಹಚ್ಚಿಲ್ಲ, ಅಲ್ಲಿ ಕಟ್ಟಿಗೆ ತನ್ನ ನಿಜ ಬಣ್ಣ ತೋರಿಸಿದೆ: ಹಳೆ ಬೆಲ್ಲದ ಬಣ್ಣ, ನಡುನಡುವೆ ಕಂದು ಗೆರೆ. ಬೀಟೆಯಾಗಿದ್ದರೆ ನೇರಳೆ ಛಾಯೆಯ ಕಂದು, ಅದರಲ್ಲಿ ಕಪ್ಪು ಗೆರೆ ಇರುತ್ತಿತ್ತು. ಮುಚ್ಚಳದ ಒಳಮೂಲೆಯಲ್ಲಿ ಮರಳುಕಾಗದದಿಂದ ಎರಡು ಸಲ ತಿಕ್ಕಿ ಮೂಸಿ ನೋಡಿ. ಎಣ್ಣೆ ಸವರಿದ ತೊಗಲಿನಂಥ ವಾಸನೆ ಬಂದರೆ ಸಾಗವಾನಿಯೇ. ಭಾರವೂ ಸಾಕ್ಷಿ ಹೇಳುತ್ತದೆ. ಇಷ್ಟು ದೊಡ್ಡದಕ್ಕೆ ಹಿಡಿಯುವ ಕಟ್ಟಿಗೆ ನನ್ನ ಲೆಕ್ಕದಲ್ಲಿ ಎರಡು ಘನ ಅಡಿ. ಸಾಗವಾನಿಯಾದರೆ ಕನ್ನಡಿ ಬಿಟ್ಟು ನಲವತ್ತು ಕಿಲೋ ಆಸುಪಾಸು ತೂಗಬೇಕು, ಬೀಟೆ ಇನ್ನೂ ಹತ್ತು ಕಿಲೋದಷ್ಟು ಹೆಚ್ಚು.

ವಯಸ್ಸಿನ ವಿಚಾರದಲ್ಲಿ ಸ್ಕ್ರೂ ಒಂದನ್ನೇ ನಂಬಬೇಡಿ. ತಲೆಯ ಮೇಲೆ ಕೂಡುಗೆರೆ ಇರುವ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಅಮೆರಿಕದಲ್ಲಿ. ಒಂದೇ ಗೆರೆಯ ಸ್ಕ್ರೂವನ್ನು ನಮ್ಮ ಬಡಿಗರು ಆಮೇಲೂ ಎಷ್ಟೋ ವರ್ಷ ಬಳಸಿದರು. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಬೇರೆ ಎರಡು. ಕನ್ನಡಿಯ ಬೆನ್ನಿಗೆ ಪ್ಲೈವುಡ್ ಇಲ್ಲ, ತೆಳು ಹಲಗೆಗಳಿವೆ, ಅವು ಒಣಗಿ ಕುಗ್ಗಿ ನಡುವೆ ಬೆಳಕು ಹಾಯುವಷ್ಟು ಸಂದು ಬಿಟ್ಟಿದೆ. ಮುಚ್ಚಳದ ಮುಂದಿನ ಅಂಚು ನಡುಭಾಗದಲ್ಲಿ ಮಾತ್ರ ಸವೆದು ದುಂಡಗಾಗಿದೆ. ಜನ ಕೂತು ಚಪ್ಪಲಿ ಮೆಟ್ಟಿದ್ದು, ಎದ್ದದ್ದು ಅಲ್ಲಿಯೇ. ಹಳೆಯದೆಂದು ತೋರಿಸಲು ಯಂತ್ರದಿಂದ ಉಜ್ಜಿದರೆ ಉದ್ದಕ್ಕೂ ಒಂದೇ ಸಮ ಸವೆಯುತ್ತದೆ. 1920ರಿಂದ 1950ರ ನಡುವಿನದು ಎಂದು ನನ್ನ ಅಂದಾಜು.

ರೇಲ್ವೆಯ ಮಾತಿಗೆ ಪುರಾವೆ ಬೇಕು. ನಮ್ಮ ಭಾಗದಲ್ಲಿದ್ದ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೇಲ್ವೆ 1908ರಲ್ಲಿ ಆದದ್ದು, 1951ರಲ್ಲಿ ದಕ್ಷಿಣ ರೇಲ್ವೆಯಲ್ಲಿ ಸೇರಿತು. ಆ ಕಂಪನಿಯ ಅಕ್ಷರಗಳು ಕಟ್ಟಿಗೆಯ ಮೇಲೋ ಕೊಕ್ಕೆಯ ಬೆನ್ನಿಗೋ ಒತ್ತಿದ್ದು ಸಿಕ್ಕರೆ ವಯಸ್ಸು ಆ ನಲವತ್ಮೂರು ವರ್ಷದೊಳಗೆ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಸಾಹೇಬರ ಹೆಸರಿಗೆ ಒಂದು ರೂಪಾಯಿಯನ್ನೂ ಕೂಡಿಸಬೇಡಿ.

ಇನ್ನು ಬೆಲೆ. ಮೋಡಕಾದವರು ನೋಡುವುದು ಕಟ್ಟಿಗೆಯನ್ನು ಮಾತ್ರ. ಹಳೆ ಸಾಗವಾನಿಯನ್ನು ಘನ ಅಡಿಗೆ 2,000 ಹಿಡಿದರೂ ಎರಡು ಅಡಿಗೆ 4,000, ಮೇಲೆ ಕೊಕ್ಕೆಗಳ ಹಿತ್ತಾಳೆ, ಕನ್ನಡಿ. ಅವರ ಲೆಕ್ಕದಲ್ಲಿ 7,000 ಸರಿಯೇ. ಆದರೆ ಇಂಥ ಸಾಮಾನಿನ ಬೆಲೆ ಅದು ಇಡಿಯಾಗಿ ಉಳಿದಿರುವುದರಲ್ಲಿದೆ: ಮೂಲ ಕನ್ನಡಿ, ತಟ್ಟೆ, ಸವೆದ ಅಂಚು. ಈಗಿರುವ ಹಾಗೆಯೇ 15,000ದಿಂದ 18,000ಕ್ಕೆ ಕೊಳ್ಳುವವರು ಸಿಗಬೇಕು ಎಂಬುದು ನನ್ನ ಅಭಿಪ್ರಾಯ. 50,000 ಸಿಗುವ ಮಾತಲ್ಲ. ಕೊಕ್ಕೆಗಳಿಗೆ ಅಯಸ್ಕಾಂತ ಹಿಡಿಯಿರಿ, ಹಿತ್ತಾಳೆಗೆ ಅದು ಅಂಟುವುದಿಲ್ಲ. ಎಡಗಡೆಯ ಕೆಳಗಿನ ಎರಡು ಕೊಕ್ಕೆಗಳು ಆಮೇಲೆ ಹಾಕಿದವು ಎಂಬ ಅನುಮಾನ ನನಗಿದೆ, ಹಾಗಿದ್ದರೆ ಸಾವಿರ ರೂಪಾಯಿ ಇಳಿಸಿ.

ಪಾಲಿಶ್ ಬೇಡ ಎಂದದ್ದಕ್ಕೆ ಕಾರಣವಿದೆ. ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ. ಮೈ ಜಿಗಟಾದರೆ ಅದು ಅರಗಿನ ಹಳೆ ಪಾಲಿಶ್. ಅದನ್ನು ಕೆರೆದರೆ ಸವೆದ ಅಂಚೂ ಹೋಗುತ್ತದೆ, ತಿರುಗಿ ಬರುವುದಿಲ್ಲ. ಒಣಬಟ್ಟೆಯಿಂದ ಒರೆಸಿ, ತುಸು ಜೇನುಮೇಣ ತಿಕ್ಕಿದರೆ ಸಾಕು. ಕನ್ನಡಿಯ ಕಪ್ಪು ಚುಕ್ಕೆಗಳಿಗೆ ಹೆದರಿ ಕನ್ನಡಿ ಬದಲಿಸಬೇಡಿ.

ಒಂದೇ ಚಿಂತೆ, ಹಿಂದಿನ ಕಾಲಿನ ತೂತುಗಳು. ಕೆಳಗೆ ಬಿಳಿ ಕಾಗದ ಹಾಸಿ ವಾರ ಬಿಡಿ. ಹಿಟ್ಟು ಉದುರಿದರೆ ಹುಳ ಇನ್ನೂ ಜೀವಂತವಿದೆ, ಔಷಧ ಹಾಕಿಸುವವರೆಗೆ ಬೇರೆ ಕಟ್ಟಿಗೆ ಸಾಮಾನಿನ ಮಗ್ಗುಲಿಗೆ ಇಡಬೇಡಿ. ಆಗಲೇ ಪೆಟ್ಟಿಗೆಯ ತಳದ ಚಿತ್ರವನ್ನೂ ತೆಗೆದು ಕಳಿಸಿ. ಮುದ್ರೆ ಕಂಡರೆ ಬೆಲೆಯನ್ನು ಮತ್ತೆ ಲೆಕ್ಕ ಹಾಕೋಣ.